ಟೈರಿನ ಹಿಡಿತ: ಕಾವೂ ವಯಸ್ಸೂ

ಕಳೆದ ಮಳೆಗಾಲದ ಮೊದಲ ವಾರದಲ್ಲಿ ನಮ್ಮ ವಾಚನಾಲಯದ ಸದಸ್ಯರೊಬ್ಬರು ಮೊಣಕೈಗೆ ಪಟ್ಟಿ ಕಟ್ಟಿಕೊಂಡು ಪತ್ರಿಕೆ ಓದಲು ಬಂದರು. ಅವರು ಬಾಡಿಗೆ ಮೋಟಾರು ನಡೆಸುವವರು. ಹಿಂದಿನ ದಿನ ಮೊದಲ ಮಳೆ ಬಿದ್ದ ಅರ್ಧ ಗಂಟೆಯೊಳಗೆ, ಸೇತುವೆಯ ಇಳಿಜಾರಿನಲ್ಲಿ ಬ್ರೇಕು ಒತ್ತಿದರೆ ಗಾಡಿ ನಿಲ್ಲದೆ ಜಾರಿಕೊಂಡು ಹೋಗಿ ಕಟ್ಟೆಗೆ ಬಡಿಯಿತಂತೆ. ದೈವವಶಾತ್ ಒಳಗೆ ಬೇರೆ ಯಾರೂ ಇರಲಿಲ್ಲ. "ಟೈರು ಹೊಸದರಂತೆಯೇ ಇದೆ, ಗೆರೆ ಇನ್ನೂ ಆಳವಾಗಿದೆ, ಅದೂ ದೊಡ್ಡವರ ಕಾರಿನ ದುಬಾರಿ ಜಾತಿಯ ಟೈರು" ಎಂದು ಅವರು ಹತ್ತು ಸಲ ಹೇಳಿದರು.

ಭಾನುವಾರ ನಾವು ನಾಲ್ಕೈದು ಮಂದಿ ಹೋಗಿ ಆ ಟೈರಿನ ಮಗ್ಗುಲು ನೋಡಿದೆವು. ಒಂದು ಸಣ್ಣ ಕೋಷ್ಟಕದೊಳಗೆ 1115 ಎಂದು ಅಚ್ಚಾಗಿತ್ತು. ಅದು ಬೆಲೆಯಲ್ಲ, ಮಾದರಿಯ ನಂಬರೂ ಅಲ್ಲ. 2015ನೆಯ ಇಸವಿಯ 11ನೆಯ ವಾರದಲ್ಲಿ ಆ ಟೈರು ತಯಾರಾಯಿತೆಂದು ಅದರ ಅರ್ಥ. ಬಹಳ ವರ್ಷ ಓಡದೆ ನಿಂತಿದ್ದ ಯಾವುದೋ ವೇಗದ ಕಾರಿನಿಂದ ಬಿಚ್ಚಿದ್ದನ್ನು ನಮ್ಮ ಸದಸ್ಯರು ಹಳೆ ಸಾಮಾನಿನ ಅಂಗಡಿಯೊಂದರಲ್ಲಿ ಅರ್ಧಕ್ಕಿಂತ ಕಡಿಮೆ ಬೆಲೆಗೆ ಕೊಂಡಿದ್ದರು. ಗೆರೆ ಇದ್ದರೆ ಹಿಡಿತವೂ ಇದೆ ಎಂಬ ನಂಬಿಕೆ ಅವರಿಗೆ ಇತ್ತು; ನಿಜ ಹೇಳಬೇಕೆಂದರೆ ಅಂದಿನವರೆಗೆ ನಮಗೂ ಇತ್ತು. ಆ ಮೇಲೆ ಓದಿ ತಿಳಿದುಕೊಂಡದ್ದನ್ನು, ನಮ್ಮಲ್ಲಿ ಮೋಟಾರು ನಡೆಸುವವರೂ ಸ್ಕೂಟರಿನಲ್ಲಿ ಕೆಲಸಕ್ಕೆ ಹೋಗುವವರೂ ಬಹಳ ಮಂದಿ ಇರುವುದರಿಂದ, ಇಲ್ಲಿ ಬರೆಯುತ್ತೇವೆ.

ಮೊದಲು ಗೆರೆಯ ವಿಷಯ. ಗೆರೆಯ ಕೆಲಸ ನೀರನ್ನು ಹೊರಕ್ಕೆ ತಳ್ಳುವುದು. ರಸ್ತೆಯನ್ನು ಹಿಡಿಯುವ ಕೆಲಸ ರಬ್ಬರಿನದು. ಒಣ ರಸ್ತೆಯಲ್ಲಿ ಪಂದ್ಯಕ್ಕೆ ಓಡುವ ಫಾರ್ಮುಲಾ ಒನ್ ಕಾರುಗಳ ಟೈರಿಗೆ ಒಂದು ಗೆರೆಯೂ ಇರುವುದಿಲ್ಲ, ಬೋಳು ತಲೆಯಂತೆ ನುಣ್ಣಗಿರುತ್ತದೆ. ಆದರೂ ಅವುಗಳ ಹಿಡಿತ ಬಹಳ ಹೆಚ್ಚು. ಒಂದು ಕಾರಿನ ಪ್ರತಿ ಟೈರೂ ನೆಲವನ್ನು ಮುಟ್ಟುವ ಜಾಗ ನಮ್ಮ ಅಂಗೈಯಷ್ಟು. ಅಂಥ ನಾಲ್ಕು ಅಂಗೈಗಳ ಮೇಲೆ ಇಡೀ ಸಂಸಾರ ಕೂತಿರುತ್ತದೆ.

ಈ ಅಂಗೈಯಷ್ಟು ರಬ್ಬರು ರಸ್ತೆಯನ್ನು ಎರಡು ಬಗೆಯಲ್ಲಿ ಹಿಡಿಯುತ್ತದೆ. ಒಂದು, ಬರಿಗಣ್ಣಿಗೆ ಕಾಣದಷ್ಟು ಹತ್ತಿರ ಬಂದಾಗ ರಬ್ಬರಿನ ಅಣುಗಳು ಕಲ್ಲಿನ ಅಣುಗಳಿಗೆ ಅಂಟಿಕೊಂಡು ಬಿಡುತ್ತವೆ, ಮತ್ತೆ ಅಂಟಿಕೊಳ್ಳುತ್ತವೆ. ಇನ್ನೊಂದು, ಡಾಂಬರು ರಸ್ತೆಯ ಜಲ್ಲಿಯ ತಗ್ಗುದಿಣ್ಣೆಗಳೊಳಕ್ಕೆ ರಬ್ಬರು ಬಗ್ಗಿ ಇಳಿದು, ಅಲ್ಲಿಂದ ಸುಲಭವಾಗಿ ಹೊರಬರಲು ಒಪ್ಪುವುದಿಲ್ಲ. ಒಳ್ಳೆಯ ಹಿಡಿತದ ರಬ್ಬರು ಒತ್ತಿದರೆ ಚೆಂಡಿನಂತೆ ತಟ್ಟನೆ ಪುಟಿಯದೆ ನಿಧಾನವಾಗಿ ಮೊದಲಿನ ಆಕಾರಕ್ಕೆ ಬರುತ್ತದೆ. ಆ ಸೋಮಾರಿತನದಲ್ಲಿಯೇ ಜಾರುವ ಶಕ್ತಿ ಕರಗಿ ಶಾಖವಾಗುತ್ತದೆ. ಮಳೆಯಲ್ಲಿ ನೀರಿನ ಪೊರೆ ನಡುವೆ ಬಂದು ಮೊದಲನೆಯ ಬಗೆ ಬಹಳ ಮಟ್ಟಿಗೆ ಕೆಡುತ್ತದೆ, ಎರಡನೆಯದೇ ಆಧಾರ. ಎರಡಕ್ಕೂ ಬೇಕಾದ್ದು ರಬ್ಬರು ಮೆತ್ತಗಿರುವುದು. ಗಟ್ಟಿಯಾದ ರಬ್ಬರು ಜಲ್ಲಿಯ ತುದಿಗಳ ಮೇಲೆಯೇ ತೇಲಿ ಹೋಗುತ್ತದೆ.

ಇದನ್ನು ನಾವು ಮಿಲ್ಲಿನಲ್ಲಿ ಮೊದಲೇ ಕಂಡಿದ್ದೆವು, ಆದರೆ ತಾಳೆ ಹಾಕಿರಲಿಲ್ಲ. ನೂಲುವ ಯಂತ್ರದಲ್ಲಿ ಹತ್ತಿಯ ಎಳೆಯನ್ನು ಹಿಡಿದು ಎಳೆಯುವುದಕ್ಕೆ ಕೆಳಗೆ ಉಕ್ಕಿನ ರೋಲರು, ಮೇಲೆ ರಬ್ಬರಿನ ಕವಚ ತೊಟ್ಟ ರೋಲರು ಇರುತ್ತವೆ. ಆ ಕವಚಕ್ಕೆ ಕಾಟ್ ಎನ್ನುತ್ತಾರೆ. ಸ್ಟೋರ್ಸಿನ ಲೆಡ್ಜರಿನಲ್ಲಿ ಅವುಗಳ ಲೆಕ್ಕ ಬರೆಯುವುದು ನಮ್ಮ ಪಾಲಿನ ಕೆಲಸ. ಪ್ರತಿ ಕಾಟಿಗೂ ಶೋರ್ ಎಂಬ ಅಳತೆಯಲ್ಲಿ ಇಷ್ಟು ಗಟ್ಟಿತನವೆಂದು ನಮೂದು ಇರುತ್ತದೆ. ಓಡಿ ಓಡಿ ಅದರ ಮೈ ಗಟ್ಟಿಯಾಗಿ ಹೊಳಪು ಬಂದರೆ ಎಳೆ ಜಾರುತ್ತದೆ, ನೂಲು ಒಂದು ಕಡೆ ದಪ್ಪ ಒಂದು ಕಡೆ ತೆಳು ಬರುತ್ತದೆ. ಆಗ ಅದನ್ನು ಬಿಚ್ಚಿ ಸಾಣೆ ಹಿಡಿದು ಮತ್ತೆ ಹಾಕುತ್ತಾರೆ. ಟೈರಿನ ಗಟ್ಟಿತನವನ್ನು ಅಳೆಯುವುದೂ ಇದೇ ಶೋರ್ ಅಳತೆಯಲ್ಲಿ.

ಕಾವಿಗೂ ರಬ್ಬರಿಗೂ ಇರುವ ಜಗಳ ಬಹಳ ಹಳೆಯದು. ಸುಳ್ಯ ಪುತ್ತೂರಿನ ಕಡೆಯವರು ರಬ್ಬರು ಹಾಲನ್ನು ಹೆಪ್ಪುಗಟ್ಟಿಸಿ ಹಾಳೆ ಮಾಡಿ ಒಣಗಿಸುವುದನ್ನು ನೋಡಿಯೇ ಇರುತ್ತಾರೆ. ಆ ಕಚ್ಚಾ ರಬ್ಬರು ಬೇಸಿಗೆಯಲ್ಲಿ ಅಂಟಂಟಾಗುತ್ತದೆ, ಚಳಿಯಲ್ಲಿ ಸೆಟೆದುಕೊಳ್ಳುತ್ತದೆ. 1830ರ ದಶಕದಲ್ಲಿ ಅಮೆರಿಕದಲ್ಲಿ ರಬ್ಬರಿನ ಬೂಟು ಮಾಡಿ ಮಾರಿದವರ ಮಾಲೆಲ್ಲ ಬೇಸಿಗೆಗೆ ಕರಗಿ ನಾರಿತು. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಎಂಬಾತ ಗಂಧಕ ಬೆರೆಸಿ ಕಾಯಿಸಿದರೆ ರಬ್ಬರು ಹದವಾಗುವುದೆಂದು ಕಂಡುಕೊಂಡ. ರಬ್ಬರಿನ ಉದ್ದುದ್ದ ಅಣುಸರಪಳಿಗಳ ನಡುವೆ ಗಂಧಕವು ಅಲ್ಲಲ್ಲಿ ಕೊಂಡಿ ಹಾಕುತ್ತದೆ. ಕೊಂಡಿ ಕಡಿಮೆಯಾದರೆ ಅಂಟು, ಹೆಚ್ಚಾದರೆ ಗಟ್ಟಿ. ಪಾಪ, ಆತ 1860ರಲ್ಲಿ ತೀರಿಕೊಂಡಾಗ ಮೈತುಂಬ ಸಾಲವಿತ್ತು. ಈಗ ಅದೇ ಹೆಸರನ್ನು ಹೊತ್ತಿರುವ ಟೈರು ಕಂಪನಿಗೂ ಆತನಿಗೂ ಸಂಬಂಧವಿಲ್ಲ, ಗೌರವಾರ್ಥ ಇಟ್ಟ ಹೆಸರು ಅಷ್ಟೆ.

ಈ ಕೊಂಡಿಗಳ ಮಾತನ್ನು ನೆನಪಿಟ್ಟರೆ ಮುಂದಿನದು ಸುಲಭ.

ಯುರೋಪಿನಲ್ಲಿ ಬೇಸಿಗೆಯ ಟೈರು ಬೇರೆ, ಹಿಮಗಾಲದ ಟೈರು ಬೇರೆ. ಬೇಸಿಗೆಯ ಟೈರುಗಳಲ್ಲಿ ವೇಗದ ಕಾರುಗಳಿಗೆಂದು ಮಾಡುವ ಒಂದು ಮೇಲ್ತರಗತಿ ಉಂಟು. ಅದರ ರಬ್ಬರನ್ನು ಬೆಚ್ಚಗಿನ ರಸ್ತೆಗೆಂದೇ ಹದ ಮಾಡಿರುತ್ತಾರೆ. ಉಷ್ಣಮಾನ ಸುಮಾರು 7 ಡಿಗ್ರಿಗಿಂತ ಕೆಳಗಿಳಿದರೆ ಅದು ಬಿಗಿದುಕೊಳ್ಳುತ್ತದೆ. ಇನ್ನೂ ಬಹಳ ಇಳಿದರೆ ಗಾಜಿನ ಸ್ವಭಾವ ತಾಳಿ, ಸುಮ್ಮನೆ ಉರುಳಿಸಿದರೂ ಬಿರುಕು ಬಿಡಬಹುದು. ಪಂದ್ಯದ ಟೈರುಗಳಿಗಂತೂ ಕಾವು ಏರದ ಹೊರತು ಹಿಡಿತವೇ ಬಾರದು. ಅದಕ್ಕಾಗಿ ಫಾರ್ಮುಲಾ ಒನ್ನಿನವರು ಓಟಕ್ಕೆ ಮೊದಲು ಟೈರಿಗೆ ವಿದ್ಯುತ್ ಕಂಬಳಿ ಹೊದಿಸಿ ಸುಮಾರು 70 ಡಿಗ್ರಿಗೆ ಕಾಯಿಸುತ್ತಾರೆ. ನಮ್ಮಲ್ಲಿ ಮನುಷ್ಯರಿಗೇ ಸಾಲದ ಕಂಬಳಿ ಅಲ್ಲಿ ಚಕ್ರಕ್ಕೆ!

ಆದರೆ ಕಾವು ಮಿತಿ ಮೀರಿದರೂ ಕೆಡಕು. ಮೇಲ್ಮೈ ಜಿಡ್ಡಾಗಿ ಹಿಡಿತ ಇಳಿಯುತ್ತದೆ. ಅದು ತಾತ್ಕಾಲಿಕ, ತಣ್ಣಗಾದರೆ ಸರಿಹೋಗಬಹುದು. ಸರಿಹೋಗದ ಸಂಗತಿ ಬೇರೆ. ಚೆನ್ನಾಗಿ ಕಾದ ಟೈರು ಪ್ರತಿ ಸಲ ತಣಿದಾಗಲೂ ಮೊದಲಿಗಿಂತ ಒಂದು ಎಳೆಯಷ್ಟು ಹೆಚ್ಚು ಗಟ್ಟಿಯಾಗಿರುತ್ತದೆ. ಕಾರ್ಖಾನೆಯಲ್ಲಿ ಗಂಧಕ ಹಾಕಿ ಮಾಡಿದ ಪಾಕ ಅಲ್ಲಿಗೇ ನಿಂತಿಲ್ಲ, ಕಾವು ಸಿಕ್ಕಾಗಲೆಲ್ಲ ಸ್ವಲ್ಪ ಸ್ವಲ್ಪವೇ ಮುಂದುವರಿಯುತ್ತದೆ, ಕೊಂಡಿಗಳು ಹೆಚ್ಚುತ್ತವೆ. ಮೆತ್ತಗಿರಲೆಂದು ಬೆರೆಸಿದ ಎಣ್ಣೆಯೂ ಮೆಲ್ಲಗೆ ಹೊರಟುಹೋಗುತ್ತದೆ. ಆದುದರಿಂದ ಪಂದ್ಯದ ದಾರಿಯಲ್ಲಿ ಓಡಿಸುವ ಹವ್ಯಾಸಿಗಳು ಒಂದು ಜೊತೆ ಟೈರು ಎಷ್ಟು ಮೈಲಿ ಓಡಿತೆಂದು ಮಾತ್ರವಲ್ಲ, ಎಷ್ಟು ಸಲ ಕಾದು ತಣಿಯಿತೆಂದೂ ಲೆಕ್ಕ ಬರೆದಿಡುತ್ತಾರೆ. ಗೆರೆ ಅರ್ಧ ಉಳಿದಿರುವಾಗಲೇ ಆ ಟೈರು ಅವರ ಪಾಲಿಗೆ ಸತ್ತಿರುತ್ತದೆ.

ಇನ್ನು ಓಡದೆ ನಿಂತ ಟೈರು. ಓಡದಿದ್ದರೆ ಸವೆಯದು, ಸವೆಯದಿದ್ದರೆ ಕೆಡದು ಎಂದು ತೋರುವುದು ಸಹಜ. ಆದರೆ ಗಾಳಿಯ ಆಮ್ಲಜನಕಕ್ಕೆ ರಜೆಯಿಲ್ಲ. ಅದು ರಬ್ಬರಿನೊಳಕ್ಕೆ ಇಳಿದು ಸರಪಳಿಗಳನ್ನು ಕಡಿಯುತ್ತದೆ, ಹೊಸ ಕೊಂಡಿಗಳನ್ನೂ ಹಾಕುತ್ತದೆ. ಒಟ್ಟಿನಲ್ಲಿ ಟೈರು ಬಿರುಸಾಗುತ್ತದೆ. ಓಜೋನ್ ಎಂಬ ಅನಿಲ ಹೊರಮೈಯಲ್ಲಿ ಬಿರುಕು ಬಿಡಿಸುತ್ತದೆ. ಇದನ್ನು ತಡೆಯಲು ರಬ್ಬರಿನೊಳಗೆ ಒಂದು ಬಗೆಯ ಮೇಣವನ್ನೂ ರಾಸಾಯನಿಕವನ್ನೂ ಸೇರಿಸಿರುತ್ತಾರೆ. ಹಳೆಯ ಟೈರಿನ ಮೇಲೆ ಕಂದುಬಣ್ಣ ಮೂಡುವುದು ಆ ರಾಸಾಯನಿಕ ಹೊರಗೆ ಬಂದುದರಿಂದ. ಚಕ್ರ ಉರುಳಿ ಬಾಗಿ ಬಳುಕಿದಾಗ ಮೇಣ ಮೇಲಕ್ಕೆ ಬಂದು ಕಾಪಾಡುತ್ತದೆ. ನಿಂತ ಗಾಡಿಗೆ ಆ ಭಾಗ್ಯವಿಲ್ಲ. ದೊಡ್ಡವರ ಮನೆಯ ನೆರಳಿನಲ್ಲಿ ನಿಂತ ಕಾರಿನ ಟೈರು ಕೆಲವು ಸಲ ದಿನಾ ದುಡಿಯುವ ಟ್ಯಾಕ್ಸಿಯದಕ್ಕಿಂತ ಮೊದಲು ಬಿರಿಯುವುದು ಇದರಿಂದಲೇ.

ವಯಸ್ಸಿಗೆ ಕಾವು ಕೂಡಿದರೆ ಕೇಳಬೇಕೆ? ಉಷ್ಣಮಾನ 10 ಡಿಗ್ರಿ ಏರಿದರೆ ಇಂಥ ರಾಸಾಯನಿಕ ಕ್ರಿಯೆಯ ವೇಗ ಸುಮಾರು ಇಮ್ಮಡಿಯಾಗುವುದೆಂದು ಒಂದು ಅಂದಾಜು ಉಂಟು. ಮೇ ತಿಂಗಳ ಮಧ್ಯಾಹ್ನ ಗಾಳಿ 40 ಡಿಗ್ರಿ ಇದ್ದರೆ ಬಿಸಿಲಿನ ಡಾಂಬರು 60 ದಾಟಿರುತ್ತದೆ. ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆಯವರು 2007ರಲ್ಲಿ ಒಂದು ವಿಮಾ ಕಂಪನಿಯ ಲೆಕ್ಕವನ್ನು ಪ್ರಕಟಿಸಿದರು. ಟೆಕ್ಸಾಸ್, ಕ್ಯಾಲಿಫೋರ್ನಿಯಾ, ಲೂಸಿಯಾನಾ, ಫ್ಲಾರಿಡಾ, ಅರಿಜೋನಾ ಎಂಬ ಐದು ಬಿಸಿಲು ಸೀಮೆಗಳಲ್ಲಿ ಆ ಕಂಪನಿಯ ಗಿರಾಕಿಗಳು ನೂರಕ್ಕೆ 27 ಮಂದಿ ಮಾತ್ರ. ಆದರೆ ಟೈರಿನ ಸಂಬಂಧವಾದ ನಷ್ಟದ ಅರ್ಜಿಗಳಲ್ಲಿ ನೂರಕ್ಕೆ 77 ಅಲ್ಲಿಂದಲೇ ಬಂದಿದ್ದವು. ಅವುಗಳಲ್ಲಿ ನೂರಕ್ಕೆ 84 ಆರು ವರ್ಷಕ್ಕಿಂತ ಹಳೆಯ ಟೈರುಗಳು. ನಮ್ಮ ಬಿಸಿಲು ಆ ಸೀಮೆಗಳ ಬಿಸಿಲಿಗೆ ಕಡಿಮೆಯೇನಲ್ಲ.

ಲೋಕಕ್ಕೆಲ್ಲ ತಿಳಿದ ಒಂದು ಪ್ರಸಂಗವಿದೆ. 2013ರ ನವೆಂಬರ್ 30ರಂದು ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಿಟಾದಲ್ಲಿ ಸಿನಿಮಾ ನಟ ಪಾಲ್ ವಾಕರ್ ತನ್ನ ಗೆಳೆಯ ನಡೆಸುತ್ತಿದ್ದ ಪೋರ್ಷೆ ಕರೇರಾ ಜಿಟಿ ಕಾರಿನಲ್ಲಿ ಹೋಗುತ್ತಿದ್ದಾಗ ಕಾರು ಹಿಡಿತ ತಪ್ಪಿ ಕಂಬಕ್ಕೂ ಮರಗಳಿಗೂ ಬಡಿದು ಇಬ್ಬರೂ ತೀರಿಕೊಂಡರು. ಮೋಟಾರು ಓಟದ ಚಿತ್ರಗಳಿಂದಲೇ ಹೆಸರಾದ ಆ ನಟನಿಗೆ ಆಗ 40 ವರ್ಷ. ವಿಚಾರಣೆ ನಡೆಸಿದವರು ಮುಂದಿನ ಮಾರ್ಚಿಯಲ್ಲಿ ಹೇಳಿದ್ದು ಇಷ್ಟು: ಗಂಟೆಗೆ 45 ಮೈಲಿ ಮಿತಿಯಿದ್ದ ರಸ್ತೆಯಲ್ಲಿ ಕಾರು 80ರಿಂದ 93 ಮೈಲಿ ವೇಗದಲ್ಲಿತ್ತು, ಮುಖ್ಯ ಕಾರಣ ಅದೇ, ಆದರೆ ಅದರ ಟೈರುಗಳಿಗೆ ಒಂಬತ್ತು ವರ್ಷವಾಗಿದ್ದು, ಅದರಿಂದಲೂ ಕಾರಿನ ಹತೋಟಿ ಕುಂದಿರಬಹುದು. ಹಳೆಯ ಟೈರಿನಿಂದಲೇ ಸತ್ತರೆಂದು ಹೇಳುವುದು ತಪ್ಪಾದೀತು. ಆದರೆ ಅಷ್ಟು ಬೆಲೆಯ ಕಾರಿಗೂ ಒಂಬತ್ತು ವರ್ಷದ ರಬ್ಬರು ಉಳಿದುಕೊಂಡಿತ್ತೆಂದರೆ, ನಾವು ನೀವು ಕೊಳ್ಳುವ ಗಾಡಿಯ ಗತಿಯೇನು?

ನಮ್ಮ ದೇಶದ ಕಾನೂನು ಗೆರೆಯ ಆಳಕ್ಕೆ ಮಿತಿ ಹಾಕಿದೆ: ಕಾರಿಗೆ 1.6 ಮಿಲಿಮೀಟರು, ಎರಡು ಚಕ್ರದ ಗಾಡಿಗೆ 0.8. ಆದರೆ ಆಳ ಸರಿಯಿದೆಯೆಂದ ಮಾತ್ರಕ್ಕೆ ರಬ್ಬರಿನ ಪ್ರಾಯ ತಿಳಿಯುವುದಿಲ್ಲ. ಬ್ರಿಟನ್ನಿನವರು 2021ರ ಫೆಬ್ರವರಿಯಿಂದ ಲಾರಿ ಬಸ್ಸುಗಳ ಮುಂದಿನ ಚಕ್ರಕ್ಕೆ ಹತ್ತು ವರ್ಷ ಮೀರಿದ ಟೈರನ್ನು ನಿಷೇಧಿಸಿದರು. 2012ರಲ್ಲಿ ಅಲ್ಲಿ ಒಂದು ಬಸ್ಸಿನ ಮುಂದಿನ ಟೈರು ಸಿಡಿದು ಮೂವರು ಸತ್ತಿದ್ದರು. ಆ ಟೈರಿಗೆ 19 ವರ್ಷ ದಾಟಿತ್ತು, ಬಸ್ಸಿಗಿಂತಲೂ ಅದು ಹಿರಿಯದು. ಗೆರೆ ಮಾತ್ರ ಸಾಕಷ್ಟಿತ್ತು.

ಹೀಗಾಗಿ ಹಳೆಯ ಟೈರು ಕೊಳ್ಳುವವರು, ಹಳೆಯ ಗಾಡಿ ಕೊಳ್ಳುವವರು, ಮೊದಲು ಆ ನಾಲ್ಕು ಅಂಕಿಗಳನ್ನು ಓದಬೇಕು. ಮೊದಲಿನ ಎರಡು ವಾರ, ಕೊನೆಯ ಎರಡು ಇಸವಿ. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನದು, ಮುಟ್ಟಲೂ ಬೇಡಿ. ಐದು ವರ್ಷವಾದ ಟೈರನ್ನು ವರ್ಷಕ್ಕೊಮ್ಮೆ ತಿಳಿದವರಿಗೆ ತೋರಿಸಬೇಕು, ಹತ್ತಾದರೆ ಹೇಗಿದ್ದರೂ ತೆಗೆಯಬೇಕು ಎಂದು ತಯಾರಕರು ಹೇಳುತ್ತಾರೆ. ಹಲವು ಕಾರು ಕಂಪನಿಗಳು ಆರಕ್ಕೇ ಗಡಿ ಹಾಕಿವೆ. ಬಿಸಿಲಿನಲ್ಲಿ ದುಡಿಯುವ ನಮ್ಮ ಗಾಡಿಗಳಿಗೆ ಆರೇ ಸರಿಯೆಂದು ನಮ್ಮ ಅಭಿಪ್ರಾಯ. ದುಡ್ಡಿನ ತಾಪತ್ರಯ ನಮಗೆ ಗೊತ್ತಿಲ್ಲದ್ದಲ್ಲ. ಆದರೆ ಹತ್ತು ವರ್ಷದ ದುಬಾರಿ ಜಾತಿಗಿಂತ ಈ ವರ್ಷದ ಸಾಧಾರಣ ಜಾತಿಯೇ ಮಳೆಯಲ್ಲಿ ಮೇಲು. ಹಳೆಯದಕ್ಕೆ ಕರಿ ಬಣ್ಣ ಬಳಿದು, ಗೆರೆಯನ್ನು ಹೊಸದಾಗಿ ಕೊರೆದು ಮಾರುವವರೂ ಇದ್ದಾರೆ. ನಮ್ಮ ಮಿಲ್ಲಿನ ಕಾಟಿನಂತೆ ಸಾಣೆ ಹಿಡಿದು ಸರಿಮಾಡುತ್ತೇವೆಂದರೂ ನಂಬಬೇಡಿ. ವರ್ಷಗಳಿಂದ ಬಿರುಸಾದದ್ದು ಮೇಲಿನ ಪದರ ಒಂದೇ ಅಲ್ಲ. ಉಗುರಿನಿಂದ ಒತ್ತಿ ನೋಡಿದರೆ ಹೊಸ ಟೈರಿನಲ್ಲಿ ಗುರುತು ಸ್ವಲ್ಪ ಇಳಿದು ಮೇಲೇಳುತ್ತದೆ, ಹಳೆಯದರಲ್ಲಿ ಉಗುರು ಜಾರುತ್ತದೆ. ಇದು ಶಾಸ್ತ್ರೀಯ ಪರೀಕ್ಷೆಯಲ್ಲ, ಹೊಸದೊಂದನ್ನು ಪಕ್ಕದಲ್ಲಿಟ್ಟು ನೋಡಿದರೆ ಮಾತ್ರ ಉಪಯೋಗ.

ಗಾಳಿಯ ಒತ್ತಡವನ್ನು ಬೆಳಿಗ್ಗೆ, ಗಾಡಿ ಓಡುವ ಮೊದಲು ನೋಡಬೇಕು. ಐದಾರು ಡಿಗ್ರಿ ಕಾವಿಗೆ ಒತ್ತಡ ಸುಮಾರು ಒಂದು ಪೌಂಡು ಏರುವುದರಿಂದ, ಮಧ್ಯಾಹ್ನ ನೋಡಿ ಹೆಚ್ಚಾಯಿತೆಂದು ಗಾಳಿ ಬಿಟ್ಟರೆ ಮರುದಿನ ಕಡಿಮೆಯಾಗಿರುತ್ತದೆ. ಕಡಿಮೆ ಗಾಳಿಯ ಟೈರು ಹೆಚ್ಚು ಬಳುಕಿ ಇನ್ನೂ ಹೆಚ್ಚು ಕಾಯುತ್ತದೆ. ಮುಂಬಯಿ ಪುಣೆ ರಸ್ತೆಯಲ್ಲಿ ಬೇಸಿಗೆಯಲ್ಲಿ ಓಡುವವರು ಇದನ್ನು ಮರೆಯಬಾರದು.

ಅಂಕಿ ಹೊರ ಮಗ್ಗುಲಲ್ಲಿ ಕಾಣದಿದ್ದರೆ ಅದು ಒಳ ಮಗ್ಗುಲಿಗೆ ಇರುತ್ತದೆ. ಒಂದು ಬ್ಯಾಟರಿ ದೀಪ ಹಿಡಿದು ಗಾಡಿಯ ಕೆಳಗೆ ಬಗ್ಗಿ ನೋಡಬೇಕು. ನಮ್ಮ ಸದಸ್ಯರು ಆ ನಾಲ್ಕನ್ನೂ ಬಿಚ್ಚಿಸಿ, ಕಂತಿನಲ್ಲಿ ಹೊಸದು ಹಾಕಿಸಿದ್ದಾರೆ. ಅಂಗಡಿಯವನು ಮೊದಲು ತಂದಿಟ್ಟವು ಮೂರು ವರ್ಷದ ಹಿಂದಿನವು. ಅಂಕಿ ಓದಿ ಹೇಳಿದ ಮೇಲೆ ಒಳಗೆ ಹೋಗಿ ಬೇರೆ ತಂದನಂತೆ.