ಕೀಟ ಕುಟುಕಿದರೆ ಸುಣ್ಣವೇ ಮದ್ದೆ?

ಶಿರಸಿ-ಯಲ್ಲಾಪುರಗಳ ನಡುವಣ ಮಂಚಿಕೇರಿಯ ಸುತ್ತಿನ ಅಡಕೆ ತೋಟಗಳಲ್ಲಿ ತಿರುಗಾಡಿದವರಿಗೆ ಚಗಳಿ, ಕಣಜ, ಜೇನ್ನೊಣಗಳ ಪರಿಚಯ ಹೊಸದಲ್ಲ. ಇವುಗಳ ಬಾಧೆಗೆ ಸಿಕ್ಕಿದವನು ಮೊದಲು ಕೈಹಾಕುವುದು ಕವಳದ ಸಂಚಿಯೊಳಗಣ ಸುಣ್ಣದ ಡಬ್ಬಿಗೆ. ಕೀಟದ ವಿಷ ಆಮ್ಲ, ಸುಣ್ಣ ಪ್ರತ್ಯಾಮ್ಲ. ಎರಡೂ ಕೂಡಿದರೆ ಉರಿ ಅಡಗುವುದೆಂಬುದು ಇದಕ್ಕೆ ಹೇಳುವ ಕಾರಣ. ಇದು ಎಷ್ಟರಮಟ್ಟಿಗೆ ನಿಜವೆಂಬುದನ್ನು ಪರಿಶೀಲಿಸೋಣ.

ಮೊದಲು ಚಗಳಿಯನ್ನು ತೆಗೆದುಕೊಳ್ಳೋಣ. ಮರದ ಎಲೆಗಳನ್ನು ಹೆಣೆದು ಗೂಡು ಕಟ್ಟುವ ಈ ಕೆಂಪಿರುವೆ ಕೊಂಡಿಯಿಂದ ಚುಚ್ಚುವುದಿಲ್ಲ. ದವಡೆಗಳಿಂದ ಕಚ್ಚಿ, ಹೊಟ್ಟೆಯ ತುದಿಯಿಂದ ಗಾಯದ ಮೇಲೆ ಫಾರ್ಮಿಕ್ ಆಮ್ಲವನ್ನು ಸಿಡಿಸುತ್ತದೆ. ಲ್ಯಾಟಿನ್ ಭಾಷೆಯಲ್ಲಿ ಇರುವೆಗೆ 'ಫಾರ್ಮಿಕಾ' ಎಂದು ಹೆಸರು. 17ನೆಯ ಶತಮಾನದಲ್ಲಿ ಇಂಗ್ಲೆಂಡಿನ ಜಾನ್ ರೇ ಇರುವೆಗಳನ್ನು ಬಟ್ಟಿಯಿಳಿಸಿ ದೊರೆಯುವ ಈ ಆಮ್ಲವನ್ನು ವರ್ಣಿಸಿದನು. ನಮ್ಮ ಸೀಮೆಯ ಚಗಳಿ ಚಟ್ನಿಯ ಹುಳಿಗೂ ಇದೇ ಮೂಲ.

ಇಲ್ಲಿ ಒಂದು ಸಣ್ಣ ಪ್ರಯೋಗ. ಅರಿಶಿನದ ನೀರಿಗೆ ಸುಣ್ಣದ ತಿಳಿಯನ್ನು ಬೆರೆಸಿರಿ. ಆರತಿಯ ಕೆಂಪು ಬಣ್ಣ ಬರುತ್ತದೆ. ಅದಕ್ಕೆ ಲಿಂಬೆಯ ರಸವನ್ನು ಹನಿಹನಿಯಾಗಿ ಹಾಕಿದರೆ ಹಳದಿ ಮರಳುತ್ತದೆ. ಆಮ್ಲವೂ ಪ್ರತ್ಯಾಮ್ಲವೂ ಕೂಡಿ ಲವಣ, ನೀರುಗಳಾದುವೆಂದು ಇದರ ಅರ್ಥ. ಫಾರ್ಮಿಕ್ ಆಮ್ಲವೂ ಸುಣ್ಣದೊಡನೆ ಹೀಗೆಯೇ ಕೂಡಿ ಕ್ಯಾಲ್ಸಿಯಂ ಫಾರ್ಮೇಟ್ ಆಗುತ್ತದೆ. ಆದುದರಿಂದ ಚಗಳಿಯ ಮಟ್ಟಿಗೆ ಹಿರಿಯರ ತರ್ಕ ಸುಳ್ಳಲ್ಲ. ಆದರೆ ಆಮ್ಲವು ಚರ್ಮದ ಮೇಲಿರುವಾಗಲೇ ಧಾರಾಳವಾಗಿ ನೀರಿನಿಂದ ತೊಳೆದರೂ ಸಾಕು.

ಜೇನ್ನೊಣದ ಸಂಗತಿ ಬೇರೆ. ಅದರ ವಿಷದಲ್ಲಿ ಕೊಂಚ ಆಮ್ಲಗುಣವಿದ್ದರೂ ನೋವಿಗೆ ಮುಖ್ಯ ಕಾರಣ ಆಮ್ಲವಲ್ಲ. ಒಣಗಿದ ವಿಷದ ಸುಮಾರು ಅರ್ಧ ಭಾಗ ಮೆಲಿಟಿನ್ ಎಂಬ, 26 ಅಮೈನೋ ಆಮ್ಲಗಳ ಸರಪಳಿ. ಇದು ಜೀವಕೋಶಗಳ ಪೊರೆಯನ್ನು ಒಡೆಯುತ್ತದೆ. ಫಾಸ್ಫೊಲಿಪೇಸ್ ಎಂಬ ಕಿಣ್ವ ಈ ಕೆಲಸಕ್ಕೆ ನೆರವಾಗುತ್ತದೆ. ಆಗ ನಮ್ಮ ದೇಹವೇ ಹಿಸ್ಟಮಿನ್ ಅನ್ನು ಹೊರಬಿಡುವುದರಿಂದ ಬಾವು, ತುರಿಕೆಗಳು ಉಂಟಾಗುತ್ತವೆ. ಕಣಜದ ವಿಷವಾದರೋ ಹೆಚ್ಚುಕಡಮೆ ತಟಸ್ಥವಾದುದು. ಚರ್ಮದ ಕೆಳಗೆ ಸೇರಿದ ಇಂಥ ವಿಷವನ್ನು ಮೇಲೆ ಬಳಿದ ಸುಣ್ಣವಾಗಲಿ, ಹುಳಿಯಾಗಲಿ, ತಿಕ್ಕಿದ ಕಬ್ಬಿಣವಾಗಲಿ ಮಾರ್ಪಡಿಸಲಾರದು. ಮೇಲಾಗಿ ತೀಕ್ಷ್ಣವಾದ ಸುಣ್ಣವೇ ಚರ್ಮವನ್ನು ಸುಡಬಹುದು.

ಹಾಗಾದರೆ ಮಾಡಬೇಕಾದುದೇನು? ಜೇನ್ನೊಣದ ಕೊಂಡಿಗೆ ಮುಳ್ಳುಗಳಿರುವುದರಿಂದ ಅದು ಚರ್ಮದಲ್ಲಿಯೇ ಉಳಿದು, ವಿಷವನ್ನು ಒಳಕ್ಕೆ ತಳ್ಳುತ್ತಲೇ ಇರುತ್ತದೆ. ಉಗುರಿನಿಂದಲೋ ಚಿಮಟದಿಂದಲೋ, ಹೇಗಾದರೂ ಸರಿ, ಒಡನೆಯೇ ಅದನ್ನು ಕೀಳಬೇಕು. ಕೊಂಡಿಯಿಂದ ಬಾಳೆಹಣ್ಣಿನಂಥ ವಾಸನೆಯೂ ಹೊರಡುತ್ತದೆ. 1962ರಲ್ಲಿ ವಿಜ್ಞಾನಿಗಳು ಗುರುತಿಸಿದ ಐಸೊಅಮೈಲ್ ಅಸಿಟೇಟ್ ಎಂಬ ಈ ವಸ್ತು ಗೂಡಿನ ಉಳಿದ ನೊಣಗಳಿಗೆ ಕಾಳಗದ ಕರೆ! ಆದುದರಿಂದ ಹೆಜ್ಜೇನು ಎದ್ದಾಗ ಮದ್ದು ಹುಡುಕುತ್ತ ಅಲ್ಲೇ ನಿಲ್ಲದೆ ದೂರ ಓಡುವುದು ಲೇಸು. ಆಮೇಲೆ ಗಾಯವನ್ನು ತೊಳೆದು ತಣ್ಣೀರಿನ ಬಟ್ಟೆಯಿಟ್ಟರೆ ಬಾವು, ನೋವುಗಳು ತಗ್ಗುತ್ತವೆ.

ಒಂದು ಎಚ್ಚರಿಕೆ ಮಾತ್ರ ಎಂದಿಗೂ ಮರೆಯತಕ್ಕುದಲ್ಲ. ಕೆಲವರ ದೇಹಕ್ಕೆ ಈ ವಿಷ ಒಗ್ಗದು. ಅಂಥವರಿಗೆ ಒಂದೇ ಕುಟುಕಿನಿಂದ ಮೈಯೆಲ್ಲ ದದ್ದು, ಉಸಿರುಕಟ್ಟು, ನಾಲಗೆಯ ಬಾವು, ತಲೆಸುತ್ತು ಕಾಣಿಸಿಕೊಳ್ಳಬಹುದು. ಆಗ ಜೀವವುಳಿಸುವುದು ಅಡ್ರಿನಲಿನ್ ಚುಚ್ಚುಮದ್ದು. ಹಲವು ನೊಣಗಳು ಕುಟುಕಿದಾಗಲೂ ತಡಮಾಡಬಾರದು. ಮನೆಮದ್ದಿನಲ್ಲಿ ಕಳೆಯುವ ಒಂದೊಂದು ಗಳಿಗೆಯೂ ಆಸ್ಪತ್ರೆಯ ದಾರಿಯನ್ನು ಉದ್ದವಾಗಿಸುತ್ತದೆ.