ದಪ್ಪೆಲೆಯ ಗಿಡಗಳ ಆರೈಕೆ

ನಮ್ಮ ಹಳೆಯ ವಿದ್ಯಾರ್ಥಿನಿಯರ ಕಾಗದಗಳಲ್ಲಿ ಕುಶಲವಾರ್ತೆಯ ತರುವಾಯ ಹೂದೋಟದ ವಿಷಯವು ಬರುವುದುಂಟು. ಲೋಳೆಸರ, ಕಾಡುಬಸಳೆ ಮೊದಲಾದ ದಪ್ಪೆಲೆಯ ಗಿಡಗಳು ಕಲ್ಲುನೆಲದಲ್ಲಿ ತಾವಾಗಿಯೇ ಬೆಳೆಯುವವಾದರೂ ಮನೆಯ ಕುಂಡದಲ್ಲಿ, ಅದೂ ದಿನವೂ ನೀರೆರೆದು ಸಾಕಿದಾಗ, ಕೊಳೆತುಹೋಗುವುದೇಕೆಂದು ಅನೇಕರು ಕೇಳಿದ್ದಾರೆ. ದಿನವೂ ನೀರೆರೆದುದೇ ಕಾರಣವೆಂಬುದು ನಮ್ಮ ಉತ್ತರವು. ಶಾಲೆಯ ತೋಟದಲ್ಲಿಯೂ ಮೊದಲು ಕೊಳೆಯುವುದು ಅತಿ ಶ್ರದ್ಧೆಯುಳ್ಳ ಹುಡುಗಿಯ ಕುಂಡವೇ. ಅಂಥವಳನ್ನು ತಾಯಿತಂದೆಗಳು ಅಜಾಗ್ರತೆಗಾಗಿ ಗದರಿಸುವುದು ನ್ಯಾಯವಲ್ಲ. ಆಕೆಗೆ ಬೇಕಾದದ್ದು ಗಿಡದ ಸ್ವಭಾವದ ತಿಳುವಳಿಕೆ.

ಒಂದು ಕಾಲದಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಮೇಲ್ವಿಚಾರಣೆಯನ್ನು ನಡಿಸಿದ ಸಸ್ಯಶಾಸ್ತ್ರಜ್ಞ ಬೆಂಜಮಿನ್ ಹೈನೆಯವರು ೧೮೧೩ರಲ್ಲಿ ಬರೆದ ಕಾಗದವೊಂದರಲ್ಲಿ ಈ ಸ್ವಭಾವದ ಸುಳಿವಿದೆ. ಕಾಡುಬಸಳೆಯ ಎಲೆಯು ಬೆಳಿಗ್ಗೆ ಹುಳಿಯಾಗಿಯೂ ಮಧ್ಯಾಹ್ನ ರುಚಿಯಿಲ್ಲದೆಯೂ ಸಂಜೆಗೆ ತುಸು ಕಹಿಯಾಗಿಯೂ ಇರುವುದನ್ನು ಅವರು ಕಂಡರು. (ಎಲೆಯಲ್ಲಿ ವಿಷಾಂಶವಿರುವುದರಿಂದ ಮಕ್ಕಳು ಈ ಪರೀಕ್ಷೆಯನ್ನು ಮಾಡತಕ್ಕದ್ದಲ್ಲ.) ಇದರ ಕಾರಣವು ಈಗ ತಿಳಿದಿದೆ. ಸಾಧಾರಣ ಗಿಡಗಳು ಹಗಲಿನಲ್ಲಿ ಎಲೆಯ ರಂಧ್ರಗಳನ್ನು ತೆರೆಯುವುದರಿಂದ ಬಹಳ ನೀರನ್ನು ಕಳೆದುಕೊಳ್ಳುವವು. ಇವಾದರೋ ರಾತ್ರಿಯ ತಂಪಿನಲ್ಲಿ ರಂಧ್ರಗಳನ್ನು ತೆರೆದು, ಇಂಗಾಲಾಮ್ಲ ವಾಯುವನ್ನು ಹೀರಿ, ಅದನ್ನು ಹುಳಿಯ ರೂಪದಲ್ಲಿ ಕೂಡಿಟ್ಟು, ಹಗಲಿನಲ್ಲಿ ಬಾಗಿಲು ಮುಚ್ಚಿಕೊಂಡು ಬಿಸಿಲಿನ ಬಲದಿಂದ ಸಕ್ಕರೆಯಾಗಿ ಮಾರ್ಪಡಿಸುವವು. ಹೀಗೆ ಇವುಗಳ ನೀರಿನ ವೆಚ್ಚವು ಬಹಳ ಸ್ವಲ್ಪ. ಕುಡಿಯದೆ ಉಳಿದ ನೀರು ಮಣ್ಣಿನೊಳಗಿನ ಗಾಳಿಯನ್ನು ಹೊರಗಟ್ಟಲು, ಬೇರು ಉಸಿರುಕಟ್ಟಿ ಬೂಷ್ಟಿಗೆ ಈಡಾಗುವುದು.

ಎಲೆಯು ಹಳದಿಯಾಗಿ, ಒತ್ತಿದರೆ ಕುಸಿಯುವಷ್ಟು ಮೆತ್ತಗಾದರೆ ನೀರು ಹೆಚ್ಚಾಗಿದೆ. ಸುಕ್ಕಿ ತೆಳ್ಳಗಾದರೆ ದಾಹವೆನ್ನಬಹುದು. ಆದರೆ ಇಲ್ಲಿಯೇ ಹಲವರು ಮೋಸಹೋಗುವರು. ಬೇರು ಕೊಳೆತ ಗಿಡವೂ ನೀರನ್ನು ಹೀರಲಾರದೆ ಸುಕ್ಕುವುದು. ಅದಕ್ಕೆ ಮತ್ತೆ ನೀರೆರೆದರೆ ಉಳಿಯಲಾರದು. ಆದುದರಿಂದ ಎಲೆಯನ್ನು ಮಾತ್ರ ನೋಡದೆ ಬೆರಳನ್ನು ಮಣ್ಣಿನಲ್ಲಿ ಎರಡಂಗುಲ ಊರಿ ನೋಡತಕ್ಕದ್ದು. ಒಳಗೂ ಒಣಗಿದ್ದರೆ ಕುಂಡದ ತೂತಿನಿಂದ ಹರಿದುಹೋಗುವಷ್ಟು ಎರೆದು, ಪುನಃ ಒಣಗುವ ತನಕ ಬಿಡಬೇಕು. ತೂತಿಲ್ಲದ ಬಣ್ಣದ ಪಾತ್ರೆಗಳ ಅಂದಕ್ಕೆ ಮರುಳಾಗುವುದು ನಮಗೆ ಸರಿತೋರುವುದಿಲ್ಲ. ಮಣ್ಣಿಗೆ ಅರ್ಧಪಾಲು ದಪ್ಪ ಮರಳನ್ನು ಬೆರಸಬೇಕು. ಸಮುದ್ರದ ಮರಳು ಉಪ್ಪಾದುದರಿಂದ ಬೇಡ.

ಕರಾವಳಿಯ ಮಳೆಗಾಲದಲ್ಲಿ ಕುಂಡಗಳನ್ನು ಮಾಡಿನ ಕೆಳಗೆ, ಆದರೆ ಬೆಳಕಿರುವಲ್ಲಿ ಇಡಬೇಕು. ಬೆಳಕು ಸಾಲದಿದ್ದರೆ ಗಿಡವು ಬಡಕಲಾಗಿ ಉದ್ದಕ್ಕೆ ಎಳೆಯುವುದು. ಹಾಗಾದುದನ್ನು ಒಮ್ಮೆಲೇ ಬಿಸಿಲಿಗಿಟ್ಟರೆ ಎಲೆ ಸುಡುವುದರಿಂದ ಕ್ರಮೇಣ ರೂಢಿಮಾಡಿಸಬೇಕು. ಹತ್ತಿಯಂತೆ ಅಂಟಿಕೊಳ್ಳುವ ಹಿಟ್ಟುತಿಗಣೆಯನ್ನು ಸ್ಪಿರಿಟಿನಲ್ಲಿ ಅದ್ದಿದ ಬಟ್ಟೆಯಿಂದ ವಾರಕ್ಕೊಮ್ಮೆ ಒರಸಿದರೆ ಸಾಕು.

ಕೊಳೆತ ಗಿಡವನ್ನೂ ಕೂಡಲೆ ಎಸೆಯಬಾರದು. ಕಪ್ಪಾದ ಭಾಗವನ್ನೆಲ್ಲಾ ಶುದ್ಧವಾದ ಚೂರಿಯಿಂದ ಕೊಯ್ದು, ಗಟ್ಟಿಯಾಗಿ ಉಳಿದ ತುಂಡನ್ನು ನಾಲ್ಕೈದು ದಿನ ನೆರಳಿನಲ್ಲಿಟ್ಟು, ಗಾಯವು ಒಣಗಿದ ಮೇಲೆ ಮರಳುಮಣ್ಣಿನಲ್ಲಿ ಊರಬೇಕು. ಲೋಳೆಸರವಾದರೆ ಬುಡದ ಮರಿಗಳನ್ನು ಬಿಡಿಸಿ ನೆಡಬಹುದು. ಕಾಡುಬಸಳೆಯ ಕಾಂಡವೆಲ್ಲಾ ಹೋಗಿದ್ದರೂ ಒಂದು ಒಳ್ಳೆಯ ಎಲೆಯನ್ನು ಮಣ್ಣಿನ ಮೇಲೆ ಮಲಗಿಸಿದರೆ, ಅದರ ಅಂಚಿನ ಕಚ್ಚುಗಳಿಂದಲೇ ಮರಿಗಿಡಗಳು ಹೊರಡುವವು.