ಕಾರಿನ ಆಯಿಲ್ ಪಂಪು: ಬಿಚ್ಚುವುದು, ನೋಡುವುದು, ಜೋಡಿಸುವುದು



ಹೋದ ದೀಪಾವಳಿ ಸೂಟಿಯಲ್ಲಿ ಆಯಿಯ ಕಣ್ಣು ತೋರಿಸಲು ನಮ್ಮ ಹಳೇ ಅಂಬಾಸಡರ್ ಕಾರಿನಲ್ಲಿ ಅಥಣಿಯಿಂದ ಮಿರಜಿಗೆ ಹೊರಟಿದ್ದೆವು. ಕಾಗವಾಡ ಹತ್ತಿರ ಬಂದಾಗ ಅಪ್ಪನ ಮುಂದಿನ ಸಣ್ಣ ಕೆಂಪು ದೀಪ ಹತ್ತಿತು. "ಇನ್ನ ಸ್ವಲ್ಪ ದೂರ ಐತಿ, ಹೋಗೂಣಪ್ಪಾ" ಅಂದೆ. ಅಪ್ಪ ಕೇಳಲಿಲ್ಲ. ಗಾಡಿ ಬದಿಗೆ ಹಚ್ಚಿ ಎಂಜಿನ್ ಬಂದ್ ಮಾಡಿದರು. ಆಯಿ, ಅವ್ವ ಬಸ್ಸಿಗೆ ಹೋದರು. ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಅಥಣಿಯ ಗ್ಯಾರೇಜಿಗೆ ತಂದೆವು. ಈ ಗಾಡಿಯ ಬಾಡಿಗೆಯಿಂದಲೇ ನಮ್ಮ ಮನೆ ನಡೆಯುತ್ತದೆ. ಅಂಬಾಸಡರ್ ತಯಾರಿಕೆ 2014ರಲ್ಲೇ ನಿಂತಿದೆ. ಹೊಸದು ಎಲ್ಲಿಂದ ತರುವುದು?

ಅಲ್ಲಿ ಮಿಸ್ತ್ರಿ ಮಾಮಾ ಕಲಿಸಿದ್ದನ್ನು ಬರೆದಿದ್ದೇನೆ.

1) ಪಂಪಿನ ಕೆಲಸ: ಎಂಜಿನ್ ತಳದ ತೊಟ್ಟಿಗೆ ಸಂಪ್ ಎನ್ನುತ್ತಾರೆ. ಪಂಪು ಅಲ್ಲಿಂದ ಜಾಳಿಗೆಯ ಮೂಲಕ ಎಣ್ಣೆ ಎಳೆದು, ಫಿಲ್ಟರ್ ದಾಟಿಸಿ, ಬೇರಿಂಗುಗಳಿಗೆ ಒತ್ತುತ್ತದೆ. ಕೀಲೆಣ್ಣೆ ಕಾಣದ ಚಕ್ಕಡಿ ಕಿರ್ ಅಂದರೂ ನಡೆಯುತ್ತದೆ. ಎಂಜಿನ್ ಹಾಗಲ್ಲ, ಕೆಲವೇ ನಿಮಿಷದಲ್ಲಿ ಜಾಮ್ ಆಗಬಹುದು.

2) ಮೊದಲು ಪರೀಕ್ಷೆ: ದೀಪ ಹತ್ತಿದ ಕೂಡಲೇ ಪಂಪು ಬಿಚ್ಚಬಾರದು. ಎಣ್ಣೆಯ ಕಡ್ಡಿ ನೋಡಿದೆವು, ಎಣ್ಣೆ ಸಾಕಷ್ಟಿತ್ತು. ದೀಪದ ಸ್ವಿಚ್ಚೇ ಕೆಟ್ಟಿರಬಹುದೆಂದು ಆ ಜಾಗದಲ್ಲಿ ಗೇಜ್ ಹಚ್ಚಿ, ಕ್ಷಣ ಹೊತ್ತು ಮಾತ್ರ ಎಂಜಿನ್ ಓಡಿಸಿದರು. 50 ಪೌಂಡ್ ಹತ್ತಿರ ಬರಬೇಕಾದ ಒತ್ತಡ 10 ದಾಟಲಿಲ್ಲ. ಒತ್ತಡ ಕಾಯುವ ವಾಲ್ವು, ಸ್ಪ್ರಿಂಗು ಸರಿಯಿದ್ದವು.

3) ಬಿಚ್ಚುವುದು: ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಎಂದೂ ಹೋಗಬೇಡಿ, ಗಟ್ಟಿ ಸ್ಟ್ಯಾಂಡು ಕೊಡಿ. ಎಣ್ಣೆ ಇಳಿಸಿ, ಸಂಪ್ ಬೋಲ್ಟು ಬಿಚ್ಚಿ, ಜಾಳಿಗೆ ಮತ್ತು ಪಂಪನ್ನು ಕೆಳಗಿನಿಂದ ತೆಗೆದೆವು. ಜಾಳಿಗೆಯಲ್ಲಿ ಕಪ್ಪು ರಾಡಿ ತುಂಬಿತ್ತು.

4) ನೋಡುವುದು: ಪಂಪಿನೊಳಗೆ ಎರಡು ರೋಟರುಗಳು, ಒಂದರೊಳಗೊಂದು ತಿರುಗುತ್ತವೆ. ಅವುಗಳ ಹಲ್ಲಿನ ನಡುವೆ ಫೀಲರ್ ಗೇಜಿನ ಪಟ್ಟಿ ತೂರಿಸಿ ಅಳೆಯಬೇಕು. ಈ ಪಂಪಿಗೆ ಸಂದು 0.006 ಇಂಚು ಮೀರಬಾರದು. ನಮ್ಮದರಲ್ಲಿ 0.010 ಇಂಚಿನ ಪಟ್ಟಿ ಸಲೀಸಾಗಿ ಹೋಯಿತು! ಮುಚ್ಚಳದ ಮೇಲೂ ಗೀರುಗಳಿದ್ದವು. ಬೇರಿಂಗ್ ಸವೆದರೂ ಒತ್ತಡ ಇಳಿಯುತ್ತದೆ. ಆದ್ದರಿಂದ ಮಾಮಾ ಒಂದು ಬೇರಿಂಗಿನ ಟೋಪಿಯನ್ನೂ ಬಿಚ್ಚಿದರು. ಅಪ್ಪ ಉಸಿರು ಹಿಡಿದು ನಿಂತಿದ್ದರು. ಬೇರಿಂಗಿಗೆ ಏನೂ ಆಗಿರಲಿಲ್ಲ.

5) ಜೋಡಿಸುವುದು: ನಿಪ್ಪಾಣಿಯಿಂದ ಹೊಸ ಪಂಪು ತರಿಸಿದೆವು. ಒಣ ಪಂಪು ಎಣ್ಣೆ ಎಳೆಯಲಾರದು. ಅದಕ್ಕೆ ಮೊದಲೇ ಎಣ್ಣೆ ತುಂಬಬೇಕು. ಹಳೇ ಪ್ಯಾಕಿಂಗ್ ಕೆರೆದು ಹೊಸದು ಹಾಕಿ, ಬೋಲ್ಟುಗಳನ್ನು ಎಲ್ಲ ಕಡೆ ಸಮನಾಗಿ ಬಿಗಿದೆವು. ಹೊಸ ಎಣ್ಣೆ, ಹೊಸ ಫಿಲ್ಟರ್ ಹಾಕಿದೆವು. ಪ್ಲಗ್ಗು ತೆಗೆದಿಟ್ಟು, ಗೇಜಿನ ಮುಳ್ಳು ಏಳುವವರೆಗೆ ಸ್ಟಾರ್ಟರಿನಿಂದ ಎಂಜಿನ್ ತಿರುಗಿಸಿದರು. ಆಮೇಲೆ ಪ್ಲಗ್ಗು ಹಾಕಿ ಚಾಲೂ ಮಾಡಿದಾಗ ದೀಪ ಆರಿತು. ಎಣ್ಣೆ ಎಲ್ಲೂ ಸೋರಲಿಲ್ಲ.

ಹಳೇ ಎಣ್ಣೆಯನ್ನು ಚರಂಡಿಗೆ, ಕಾಲುವೆಗೆ ಚೆಲ್ಲಬಾರದು. ಡಬ್ಬಿಯಲ್ಲಿ ತುಂಬಿ ಅದನ್ನು ಕೊಳ್ಳುವವರಿಗೆ ಕೊಡಬೇಕು.

ತಪ್ಪು ಗಾಡಿಯದಲ್ಲ, ಎಣ್ಣೆ ಬದಲಿಸಲು ತಡ ಮಾಡಿದ ನಮ್ಮದು. ಮಾಮಾ ಅಂದರು: "ತಮ್ಮಾ, ಇನ್ನ ನಾಕು ಮೈಲಿ ಓಡಿಸಿದ್ರ ಪಂಪಲ್ಲ, ಎಂಜಿನ್ನೇ ಹೋಗತಿತ್ತು. ನಿಮ್ಮಪ್ಪ ನಿಂದ್ರಿಸಿದ್ದಕ್ಕ ಉಳೀತು." ನಾನು ತಲೆ ತಗ್ಗಿಸಿದೆ. "ಹೋಗೂಣು" ಅಂದವನು ನಾನೇ ಅಲ್ಲವೇ?

ನೆನಪಿಡಿ: ಕೆಂಪು ದೀಪ ಹತ್ತಿದರೆ ಗಾಡಿ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ.

— 9ನೇ ಇಯತ್ತೆಯ ವಿದ್ಯಾರ್ಥಿ